ಮೀಮ್ ಕನ್ನಡದಲ್ಲಿದೆ, ರಾಜಪತ್ರ ಕನ್ನಡದಲ್ಲಿಲ್ಲ

(ವಿದ್ಯಾರ್ಥಿಗಳಿಗೆ ಸುಳ್ಳು ಸುದ್ದಿಯ ಪರಿಶೀಲನೆ ಕಲಿಸುವ ಕುರಿತು ಬಾಳಗಡಿಯಲ್ಲಿ ಗ್ರಾಮ ಪಂಚಾಯಿತಿ ಸದಸ್ಯರಿಗೆ ನೀಡಿದ ಉಪನ್ಯಾಸದ ಪಠ್ಯ)



ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಮೊದಲ ಕರಡು ಅಧಿಸೂಚನೆ ಹೊರಬಿದ್ದದ್ದು 2014ರ ಮಾರ್ಚ್ 10ರಂದು. ಆರನೆಯ ಕರಡು 2024ರ ಜುಲೈ 31ರಂದು, ವಯನಾಡಿನ ಭೂಕುಸಿತದ ಮರುದಿನ, ಪ್ರಕಟವಾಯಿತು. ಈ ಹತ್ತು ವರ್ಷಗಳಲ್ಲಿ ಮಲೆನಾಡಿನ ಮನೆಗಳಲ್ಲಿ 'ಕಸ್ತೂರಿರಂಗನ್' ಎಂಬುದು ಒಬ್ಬ ವಿಜ್ಞಾನಿಯ ಹೆಸರಾಗಿ ಉಳಿಯದೆ ಒಂದು ಭಯದ ಹೆಸರಾಯಿತು. ಊರು ಖಾಲಿ ಮಾಡಿಸುತ್ತಾರೆ, ಮನೆಯ ಹೆಂಚು ಬದಲಿಸಲೂ ಬಿಡುವುದಿಲ್ಲ, ತೋಟಕ್ಕೆ ಔಷಧಿ ಹೊಡೆಯುವಂತಿಲ್ಲ ಎಂಬ ಮಾತುಗಳು ಜಗಲಿಯಿಂದ ಮೊಬೈಲಿಗೆ, ಮೊಬೈಲಿನಿಂದ ಮತ್ತೆ ಜಗಲಿಗೆ ಬಂದವು. ಇವುಗಳ ಜೊತೆಗೆ ರಾಜಕೀಯವೂ ಸೇರಿಕೊಂಡಿತು. ಒಬ್ಬ ನಾಯಕರ ಚಿತ್ರ, ಅದರ ಕೆಳಗೆ 'ಮಲೆನಾಡನ್ನು ಮಾರಿದವರು ಇವರು' ಎಂಬಂತಹ ಒಂದು ಸಾಲು. ಚಿತ್ರ ಬದಲಾಯಿಸಿದರೆ ಅದೇ ಸಾಲು ಎದುರು ಪಕ್ಷಕ್ಕೂ ಒಪ್ಪುತ್ತದೆ.

ವಿದ್ಯಾರ್ಥಿಗಳಿಗೆ ಸತ್ಯಾಸತ್ಯ ಪರಿಶೀಲನೆಯನ್ನು ಕಲಿಸಲು ಈ ಭಾಗದಲ್ಲಿ ಇದಕ್ಕಿಂತ ಉತ್ತಮ ಪಾಠ ಮತ್ತೊಂದಿಲ್ಲ. ಪರೀಕ್ಷಿಸಬೇಕಾದ ಕಾಗದ ಸಾರ್ವಜನಿಕವಾಗಿದೆ, ಮಗುವಿನ ಸ್ವಂತ ಊರಿನ ವಿಷಯವಾಗಿದೆ, ಮತ್ತು ಉತ್ತರ ಯಾವ ಪಕ್ಷಕ್ಕೂ ಪೂರ್ಣ ಹಿತವಾಗಿಲ್ಲ.

ಕರಡನ್ನು ತೆರೆದು ನೋಡಿದರೆ ಏನಿದೆ? ಗಣಿಗಾರಿಕೆ, ಕಲ್ಲು ಕ್ವಾರಿ, ಮರಳುಗಾರಿಕೆಗೆ ನಿಷೇಧ. ಹೊಸ ಉಷ್ಣ ವಿದ್ಯುತ್ ಸ್ಥಾವರಗಳಿಗೆ ನಿಷೇಧ. 20,000 ಚದರ ಮೀಟರ್ ಹಾಗೂ ಅದಕ್ಕಿಂತ ದೊಡ್ಡ ಹೊಸ ಕಟ್ಟಡ ಯೋಜನೆಗಳಿಗೆ ನಿಷೇಧ. ಈಗಿರುವ ವಾಸದ ಮನೆಗಳ ದುರಸ್ತಿ, ವಿಸ್ತರಣೆಗೆ ಚಾಲ್ತಿಯ ಕಾನೂನಿನಂತೆ ಅಡ್ಡಿಯಿಲ್ಲ ಎಂದು ಅದೇ ಕರಡು ಹೇಳುತ್ತದೆ. ಹೆಂಚಿನ ಮಾತು ಅಲ್ಲಿಗೆ ಬಿತ್ತು. ಔಷಧಿಯ ಮಾತಿಗೆ ಬೇರೆ ಮೂಲವಿದೆ. ರಾಸಾಯನಿಕ ಕೀಟನಾಶಕಗಳನ್ನು ಹಂತಹಂತವಾಗಿ ನಿಲ್ಲಿಸಬೇಕೆಂದು ಶಿಫಾರಸು ಮಾಡಿದ್ದು 2011ರ ಮಾಧವ ಗಾಡ್ಗೀಳ್ ಸಮಿತಿ. ಕರಡಿಗೆ ಆಧಾರವಾದದ್ದು 2013ರ ಕಸ್ತೂರಿರಂಗನ್ ಕಾರ್ಯತಂಡದ ವರದಿ. ಒಂದು ವರದಿಯ ಮಾತನ್ನು ಇನ್ನೊಂದರ ತಲೆಗೆ ಕಟ್ಟಿದಾಗ ಸುಳ್ಳು ಹುಟ್ಟಿದರೂ ಅದರೊಳಗೆ ಸತ್ಯದ ತುಣುಕು ಉಳಿದಿರುತ್ತದೆ. ಆದ್ದರಿಂದಲೇ ಅದನ್ನು ಹಿಡಿಯುವುದು ಕಷ್ಟ.

'ಯಾರು ತಂದರು' ಎಂಬ ಪ್ರಶ್ನೆಗೂ ದಿನಾಂಕವೇ ಉತ್ತರ ಕೊಡುತ್ತದೆ. ಮೊದಲ ಕರಡು ಒಂದು ಪಕ್ಷದ ನೇತೃತ್ವದ ಕೇಂದ್ರ ಸರ್ಕಾರದ ಕಾಲದ್ದು. ಉಳಿದ ಐದು ಇನ್ನೊಂದರ ಕಾಲದ್ದು. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ವರದಿಯನ್ನು ತಿರಸ್ಕರಿಸಿತು. ಹತ್ತನೆಯ ತರಗತಿಯ ವಿದ್ಯಾರ್ಥಿ ಈ ಮೂರು ವಾಕ್ಯಗಳನ್ನು ತಾನೇ ಹುಡುಕಿ ಬರೆದುಕೊಂಡರೆ, ಎರಡೂ ಕಡೆಯ ಮೀಮ್‌ಗಳು ಅರ್ಧರ್ಧ ಹೇಳಿವೆ ಎಂಬುದು ಯಾರೂ ಹೇಳದೆ ಅವನಿಗೆ ತಿಳಿಯುತ್ತದೆ.

ಹಾಗಾದರೆ ಜನರ ಆತಂಕವೆಲ್ಲ ಸುಳ್ಳೇ? ಅಲ್ಲ. ಉಪಗ್ರಹ ಚಿತ್ರದ ಆಧಾರದಲ್ಲಿ ಒಂದು ಗ್ರಾಮದ ವಿಸ್ತೀರ್ಣದ ಶೇ 20ರಷ್ಟು ಅಥವಾ ಅದಕ್ಕಿಂತ ಹೆಚ್ಚು ಭಾಗ ಸೂಕ್ಷ್ಮವೆಂದು ಕಂಡುಬಂದರೆ ಇಡೀ ಗ್ರಾಮವನ್ನು ಪಟ್ಟಿಗೆ ಸೇರಿಸುವುದು ಆ ವರದಿಯ ಕ್ರಮ. ತೋಟ, ಗದ್ದೆ, ಮನೆ ಎಲ್ಲವೂ ಅದರೊಳಗೆ ಬರುತ್ತವೆ. ಇದು ಗ್ರಾಮ ಪಂಚಾಯಿತಿ ನಿಜವಾಗಿ ವಾದಿಸಬಹುದಾದ ವಿಷಯ. ಸರ್ವೆ ನಂಬರ್ ಸಮೇತ, ಸ್ಥಳ ಪರಿಶೀಲನೆಯ ದಾಖಲೆ ಸಮೇತ. ಆಕ್ಷೇಪಣೆಗೆ ಇರುವುದು 60 ದಿನ. ಆ ದಿನಗಳು ಕರಡಿನಲ್ಲಿ ಇಲ್ಲದ ಹೆಂಚಿನ ವಿರುದ್ಧ ಠರಾವು ಮಾಡುವುದರಲ್ಲಿ ಕಳೆದರೆ, ಇರುವ ಕಲಮಿಗೆ ಆಕ್ಷೇಪಣೆ ಬರೆಯುವವರು ಯಾರು? ಸುಳ್ಳು ಸುದ್ದಿಯಿಂದ ಪಂಚಾಯಿತಿಗೆ ಆಗುವ ನಷ್ಟ ಇದು.

ಇದಕ್ಕಿಂತ ಘೋರವಾದ ನಷ್ಟವನ್ನೂ ರಾಜ್ಯ ಕಂಡಿದೆ. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರನ್ನು ಮಕ್ಕಳ ಕಳ್ಳನೆಂದು ಭಾವಿಸಿ ಗುಂಪು ಹೊಡೆದು ಕೊಂದಿತು. ಜೊತೆಗಿದ್ದವರು ಹಿಂದಿನ ಊರಿನಲ್ಲಿ ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು, ಅಷ್ಟೆ. ಕಾರು ಮುರ್ಕಿ ತಲುಪುವ ಮೊದಲೇ ವಾಟ್ಸ್‌ಆ್ಯಪ್ ಸಂದೇಶ ಅಲ್ಲಿಗೆ ತಲುಪಿತ್ತು. ಆ ದಿನಗಳಲ್ಲಿ ಹರಿದಾಡುತ್ತಿದ್ದ, ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವ ವೀಡಿಯೊ ವಾಸ್ತವವಾಗಿ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ತಯಾರಾದ ಜಾಗೃತಿ ಚಿತ್ರ. ಮಗುವನ್ನು ಹಿಂದಿರುಗಿಸಿ ಸಂದೇಶ ಫಲಕ ತೋರಿಸುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. 'ಇದರ ಮುಂದೇನಾಯಿತು?' ಎಂಬ ಒಂದು ಪ್ರಶ್ನೆಯನ್ನು ಮಕ್ಕಳಿಗೆ ಅಭ್ಯಾಸ ಮಾಡಿಸಲು ಈ ವೀಡಿಯೊ ಸಾಕು. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಕಳುಹಿಸದಂತೆ ಮಿತಿ ಹಾಕಿತು. ಸಂದೇಶದ ಮೇಲೆ ಕಾಣುವ ಜೋಡಿ ಬಾಣದ ಗುರುತು, ಅದು ಹಲವಾರು ಕೈ ದಾಟಿ ಬಂದಿದೆ ಎಂಬುದರ ಸೂಚನೆ. ಅನೇಕ ಹಿರಿಯರು ಅದನ್ನು ಮೆಚ್ಚುಗೆಯ ಗುರುತೆಂದು ತಿಳಿದಿರುವುದುಂಟು!

ನೆರೆಯ ಕೇರಳದ ಕಣ್ಣೂರು ಜಿಲ್ಲಾಡಳಿತ 2018ರಲ್ಲಿ ಸುಮಾರು 150 ಸರ್ಕಾರಿ ಶಾಲೆಗಳಲ್ಲಿ 'ಸತ್ಯಮೇವ ಜಯತೇ' ಹೆಸರಿನ ತರಗತಿಗಳನ್ನು ನಡೆಸಿತು. ದಡಾರ-ರುಬೆಲ್ಲಾ ಲಸಿಕೆಯ ವಿರುದ್ಧ ಅದರ ಹಿಂದಿನ ವರ್ಷ ಹರಡಿದ ವದಂತಿ ಇದಕ್ಕೆ ಹಿನ್ನೆಲೆ. ಅಲ್ಲಿ ಜಿಲ್ಲೆ ಮಾಡಿದ್ದನ್ನು ಇಲ್ಲಿ ಪಂಚಾಯಿತಿಯೇ ಮಾಡಬಹುದು. 2019ರಿಂದ ಗ್ರಾಮೀಣ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಅಧೀನದಲ್ಲಿವೆ. 6ರಿಂದ 18 ವರ್ಷದ ಮಕ್ಕಳಿಗೆ 'ಓದುವ ಬೆಳಕು' ಅಡಿ ಸದಸ್ಯತ್ವ ಉಚಿತ. ಅರಿವು ಕೇಂದ್ರದಲ್ಲಿ ಒಂದು ಕಂಪ್ಯೂಟರ್, ಶನಿವಾರ ಮಧ್ಯಾಹ್ನ ಒಂದು ಗಂಟೆ, ಒಬ್ಬ ಶಿಕ್ಷಕರು ಮತ್ತು ಗ್ರಂಥಾಲಯದ ಮೇಲ್ವಿಚಾರಕರು ಇದ್ದರೆ ಆರಂಭಕ್ಕೆ ಸಾಕು. ಹಳೆಯ ಚಿತ್ರಕ್ಕೆ ಹೊಸ ಶೀರ್ಷಿಕೆ ಅಂಟಿಸಿದ್ದನ್ನು ಗೂಗಲ್ ಲೆನ್ಸ್‌ನಿಂದ ಪತ್ತೆ ಮಾಡುವುದನ್ನು ಮಕ್ಕಳು ಅರ್ಧ ದಿನದಲ್ಲಿ ಕಲಿಯುತ್ತಾರೆ; ಕೆಲವರು ಈಗಾಗಲೇ ಬಲ್ಲರು. ಕಾಗದ ಓದುವುದನ್ನು ಕಲಿಸುವುದೇ ನಿಧಾನದ ಕೆಲಸ.

ತರಗತಿಗೆ ಎರಡು ಕಟ್ಟುಪಾಡು ಅಗತ್ಯ. ಒಂದು ಪಕ್ಷದ ಮೀಮ್ ಎತ್ತಿಕೊಂಡ ದಿನವೇ ಇನ್ನೊಂದು ಪಕ್ಷದ್ದನ್ನೂ ಎತ್ತಿಕೊಳ್ಳಬೇಕು. ಮನೆಯವರು ಯಾರಿಗೆ ಮತ ಹಾಕುತ್ತಾರೆಂದು ಮಗುವನ್ನು ಎಂದೂ ಕೇಳಬಾರದು. ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷರಹಿತವೆಂಬುದು ಕಾನೂನು. ಸದಸ್ಯರ ಮೊಬೈಲ್ ಪಕ್ಷರಹಿತವಲ್ಲವೆಂಬುದು ಎಲ್ಲರಿಗೂ ಗೊತ್ತು. ತರಗತಿಯಲ್ಲಿ ಪರೀಕ್ಷೆಗೆ ಬರುವ ಮೊದಲ ಮೀಮ್ ಸದಸ್ಯರೊಬ್ಬರೇ ಹಂಚಿದ್ದಾಗಿರುವ ಸಾಧ್ಯತೆಯೂ ಇದೆ. ಅಂತಹ ಸಂದರ್ಭದಲ್ಲಿ ಮೇಲ್ವಿಚಾರಕರಿಗೆ ಫೋನ್ ಹೋಗಬಾರದು.

ಮನೆಯ ತೊಡಕು ಬೇರೆ. ಅಪ್ಪ ಕಳುಹಿಸಿದ್ದನ್ನು ಮಗಳು 'ಸುಳ್ಳು' ಎಂದರೆ ಊಟದ ಹೊತ್ತಿಗೆ ಜಗಳವಾಗುತ್ತದೆ. 'ಅಪ್ಪಯ್ಯ, ಇದು ಯಾವ ಕಾಗದದಲ್ಲಿದೆ?' ಎಂದು ಕೇಳಿದರೆ ಇಬ್ಬರೂ ಒಟ್ಟಿಗೆ ಹುಡುಕುವ ಸಾಧ್ಯತೆ ಇರುತ್ತದೆ. ತರಗತಿಯಲ್ಲಿ ಈ ಮಾತಿನ ರೀತಿಯನ್ನೂ ಕಲಿಸಬೇಕು.

ಉಳಿದದ್ದು ಪಂಚಾಯಿತಿಯ ಸ್ವಂತ ಕರ್ತವ್ಯ. ಭಾರತದ ರಾಜಪತ್ರ ಹಿಂದಿ ಮತ್ತು ಇಂಗ್ಲಿಷಿನಲ್ಲಿ ಬರುತ್ತದೆ. ಮೀಮ್ ಮಾತ್ರ ಅಚ್ಚ ಕನ್ನಡದಲ್ಲಿ, ಅದೂ ಮಲೆನಾಡಿನ ಮಾತಿನಲ್ಲಿ ಬರುತ್ತದೆ. ಈ ಓಟದಲ್ಲಿ ಯಾವುದು ಮುಂದಿರುತ್ತದೆಂದು ಹೇಳಬೇಕಾಗಿಲ್ಲ. ಗ್ರಾಮಕ್ಕೆ ಸಂಬಂಧಿಸಿದ ಅಧಿಸೂಚನೆ ಬಂದ ವಾರದೊಳಗೆ ಅದರ ಸಾರವನ್ನು ಒಂದು ಪುಟದ ಕನ್ನಡದಲ್ಲಿ ಬರೆದು, ಪುಟ ಸಂಖ್ಯೆ ಹಾಗೂ ಆಕ್ಷೇಪಣೆಯ ಕೊನೆಯ ದಿನಾಂಕ ಸಹಿತ ಸೂಚನಾ ಫಲಕ ಮತ್ತು ಅರಿವು ಕೇಂದ್ರದಲ್ಲಿ ಇಡಲು ಮುಂದಿನ ಸಾಮಾನ್ಯ ಸಭೆಯಲ್ಲಿ ನಿರ್ಣಯವಾಗಬೇಕು. ಮೊದಲ ತರಗತಿಗೆ 2024ರ ಕರಡಿನ ಅನುಬಂಧದಲ್ಲಿರುವ ಗ್ರಾಮಗಳ ಪಟ್ಟಿಯನ್ನು ಮುದ್ರಿಸಿ ಇಟ್ಟರೆ ಸಾಕು. ಪ್ರತಿ ಮಗುವೂ ತನ್ನ ಊರಿನ ಹೆಸರು ಅದರಲ್ಲಿ ಇದೆಯೇ, ಇಲ್ಲವೇ ಎಂದು ಬೆರಳಿಟ್ಟು ಹುಡುಕಲಿ. ಮಕ್ಕಳ ಗ್ರಾಮಸಭೆಯಲ್ಲಿ ಆ ಬಗ್ಗೆ ಪ್ರಶ್ನೆ ಬಂದರೆ ಅದೇ ಕಾಗದ ಅಧ್ಯಕ್ಷರ ಮೇಜಿನ ಮೇಲೂ ಇರಬೇಕಾಗುತ್ತದೆ.