ಗ್ರೀಕರು ಕೊಯ್ದ ಶಂಕು, ಕಲಬುರಗಿಗೆ ಬಂದ ಟೀವಿ

ಅಹಮದಾಬಾದಿನ ಪಶ್ಚಿಮ ಭಾಗದಲ್ಲಿ ಸ್ಯಾಟಲೈಟ್ ಅನ್ನುವ ಬಡಾವಣೆ ಇದೆ. ಅಲ್ಲಿನ ಜೋಧಪುರ ಟೇಕ್ರಾದಲ್ಲಿ ಇಸ್ರೋದ ಸ್ಪೇಸ್ ಅಪ್ಲಿಕೇಶನ್ಸ್ ಸೆಂಟರ್ ಇರುವುದರಿಂದ ಬಂದ ಹೆಸರು ಅದು. 1967ರಲ್ಲೇ ಅಲ್ಲೊಂದು ಉಪಗ್ರಹ ಭೂಕೇಂದ್ರ ಶುರುವಾಗಿತ್ತು. ಅದರ ಡಿಶ್ಶಿನ ಅಗಲ 14 ಮೀಟರ್. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಅಹಮದಾಬಾದಿನಿಂದ ಮೇಲೇರಿದ ಕಾರ್ಯಕ್ರಮಗಳು ನಮ್ಮ ಗುಲ್ಬರ್ಗ (ಈಗಿನ ಕಲಬುರಗಿ), ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಟೀವಿಯಾಗಿ ಇಳಿದವು. ಅದೂ ಕನ್ನಡದಲ್ಲಿ. ಆಗಿನ್ನೂ ಬೆಂಗಳೂರಿಗೇ ದೂರದರ್ಶನ ಕೇಂದ್ರ ಬಂದಿರಲಿಲ್ಲ.

ಈ ಯೋಜನೆಯ ಹೆಸರು ಸೈಟ್. ಅಮೆರಿಕದ ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಭಾರತಕ್ಕೆ ಬಿಟ್ಟುಕೊಟ್ಟಿತ್ತು. ಕರ್ನಾಟಕವೂ ಸೇರಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಆರಿಸಿ, ಒಂದೊಂದು ಹಳ್ಳಿಗೆ ಒಂದೊಂದು ಟೀವಿ ಕೊಟ್ಟರು. ಬೆಳಿಗ್ಗೆ ಶಾಲೆ ಮಕ್ಕಳಿಗೆ ಪಾಠ, ಸಂಜೆ ಊರವರಿಗೆಲ್ಲ ಬೇಸಾಯ, ಆರೋಗ್ಯ, ಮನರಂಜನೆ.

ಉಪಗ್ರಹ ಕಳಿಸುತ್ತಿದ್ದ ಸಂಕೇತದ ಶಕ್ತಿ ಎಷ್ಟು ಗೊತ್ತೇ? ಬರೀ 80 ವಾಟ್. ಅದು ಸುಮಾರು 38,000 ಕಿಲೋಮೀಟರ್ ದಾಟಿ ಬರಬೇಕು. ಅದನ್ನು ಹಿಡಿಯಲು ಹಳ್ಳಿಯಲ್ಲಿ ನಿಲ್ಲಿಸಿದ್ದು 3 ಮೀಟರ್ ಅಗಲದ ಡಿಶ್. ಅದಕ್ಕೆ ಹೊದಿಸಿದ್ದು ಕೋಳಿಗೂಡಿಗೆ ಹಾಕುವಂಥ ತಂತಿ ಜಾಲರಿ! ತೂತುಗಳಲ್ಲಿ ಸಂಕೇತ ಸೋರಿಹೋಗುವುದಿಲ್ಲವೇ? ಹೋಗುವುದಿಲ್ಲ. 860 ಮೆಗಾಹರ್ಟ್ಜ್ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್. ಅಷ್ಟು ದೊಡ್ಡ ಅಲೆಗೆ ಜಾಲರಿಯ ಸಣ್ಣ ತೂತು ಲೆಕ್ಕಕ್ಕೇ ಇಲ್ಲ, ಅದಕ್ಕೆ ಜಾಲರಿಯೂ ಗಟ್ಟಿ ಗೋಡೆಯೇ. ಹಾಗಾಗಿ ಹೊದಿಕೆ ಅಗ್ಗದ್ದಾದರೂ ನಡೆಯುತ್ತದೆ. ಆಕಾರ ತಪ್ಪಿದರೆ ಮಾತ್ರ ನಡೆಯುವುದಿಲ್ಲ.

ಆ ಆಕಾರಕ್ಕೆ ಪರವಲಯ ಅನ್ನುತ್ತಾರೆ. ಅದನ್ನು ನೋಡಬೇಕಾದರೆ ಒಂದು ಹಾಳೆ ಸಾಕು.

ಹಾಳೆಯ ಕೆಳಅಂಚಿನಿಂದ ನಾಲ್ಕು ಬೆರಳು ಮೇಲೆ, ನಡುಮಧ್ಯೆ ಒಂದು ಚುಕ್ಕೆ ಇಡಿ. ಕೆಳಅಂಚಿನ ಯಾವುದಾದರೂ ಒಂದು ಜಾಗ ಆ ಚುಕ್ಕೆಯ ಮೇಲೆ ಕೂರುವ ಹಾಗೆ ಹಾಳೆ ಮಡಚಿ, ಉಗುರಿನಿಂದ ಗೀರಿ, ಬಿಚ್ಚಿ. ಅಂಚಿನ ಇನ್ನೊಂದು ಜಾಗ ಹಿಡಿದು ಮತ್ತೆ ಹಾಗೇ ಮಾಡಿ. ಎಡದಿಂದ ಬಲಕ್ಕೆ ಇಪ್ಪತ್ತು-ಇಪ್ಪತ್ತೈದು ಸಲ ಮಡಚುವಷ್ಟರಲ್ಲಿ ಗೆರೆಗಳ ಸಂದಿಯಲ್ಲಿ ಒಂದು ಬಾಗು ತಾನಾಗಿಯೇ ಎದ್ದು ಕಾಣುತ್ತದೆ. ಯಾರೂ ಅದನ್ನು ಬರೆದಿಲ್ಲ. ಆ ಬಾಗಿನ ಮೇಲೆ ಯಾವ ಬಿಂದು ಹಿಡಿದರೂ, ಅದು ಚುಕ್ಕೆಯಿಂದ ಎಷ್ಟು ದೂರವೋ ಕೆಳಅಂಚಿನಿಂದಲೂ ಅಷ್ಟೇ ದೂರ.

ಇಷ್ಟರಲ್ಲೇ ಡಿಶ್ಶಿನ ಗುಟ್ಟೆಲ್ಲ ಇದೆ. ಬಹು ದೂರದಿಂದ ಬರುವ ಅಲೆಗಳು ಒಂದಕ್ಕೊಂದು ಸಮಾಂತರವಾಗಿ ನೇರ ಕೆಳಗಿಳಿಯುತ್ತಿವೆ ಎಂದುಕೊಳ್ಳಿ. ತಡೆ ಇಲ್ಲದಿದ್ದರೆ ಅವೆಲ್ಲ ಒಟ್ಟಿಗೇ ಕೆಳಅಂಚು ಮುಟ್ಟುತ್ತಿದ್ದವು. ಬಾಗು ಅವನ್ನು ತಡೆದು ಚುಕ್ಕೆಯ ಕಡೆ ತಿರುಗಿಸುತ್ತದೆ. ಚುಕ್ಕೆಗೂ ಅಂಚಿಗೂ ದೂರ ಒಂದೇ ಆದ್ದರಿಂದ ಎಲ್ಲವೂ ಒಂದೇ ಗಳಿಗೆಗೆ ಚುಕ್ಕೆ ಸೇರುತ್ತವೆ. ಬಿಡಿಬಿಡಿಯಾಗಿ ಏನೂ ಅಲ್ಲದ ಸಂಕೇತ ಅಲ್ಲಿ ಕೂಡಿಕೊಂಡು ಗಟ್ಟಿಯಾಗುತ್ತದೆ. ಆ ಚುಕ್ಕೆಯ ಹೆಸರು ನಾಭಿ. ಡಿಶ್ಶಿನ ಮುಂದೆ ಕೋಲಿನ ತುದಿಯಲ್ಲಿ ಸಂಕೇತ ಹಿಡಿಯುವ ಭಾಗ ಕೂತಿರುವುದು ಅಲ್ಲೇ.

ಇದನ್ನು ಮೊದಲು ಕಂಡವರು ಯಾರು? ಉತ್ತರ ಹುಡುಕುತ್ತ ಹೋದರೆ ಸುಮಾರು 2,350 ವರ್ಷ ಹಿಂದಿನ ಗ್ರೀಸಿಗೆ ಹೋಗಬೇಕು.

ರೇಖಾಗಣಿತ ಗ್ರೀಕರಿಂದಲೇ ಹುಟ್ಟಿತು ಅನ್ನುವುದು ಪೂರ್ತಿ ಸರಿಯಲ್ಲ. ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಸ್ವತಃ ಅದರ ಮೂಲವನ್ನು ಈಜಿಪ್ಟಿನಲ್ಲಿ ತೋರಿಸುತ್ತಾನೆ. ನೈಲ್ ನದಿ ಕೊಚ್ಚಿಕೊಂಡು ಹೋದಷ್ಟು ಹೊಲ ಅಳೆದು ಕಂದಾಯ ಇಳಿಸಬೇಕಾಗಿ ಬಂದದ್ದರಿಂದ ಆ ವಿದ್ಯೆ ಬೆಳೆಯಿತು ಅನ್ನುವುದು ಅವನ ಮಾತು. ನಮ್ಮ ಶುಲ್ಬಸೂತ್ರಗಳಲ್ಲಿ ಹಗ್ಗ ಹಿಡಿದು ಯಜ್ಞವೇದಿಗಳನ್ನು ಅಳೆಯುವ ಕ್ರಮವಿದೆ. ಅಹಮದಾಬಾದಿನಿಂದ ಸುಮಾರು 80 ಕಿಲೋಮೀಟರ್ ದೂರದ ಲೋಥಲ್‌ನಲ್ಲಿ ಬದುಕಿದ್ದ ಹರಪ್ಪದ ಜನ 4:2:1ರ ಅಳತೆಯಲ್ಲಿ ಇಟ್ಟಿಗೆ ಸುಡುತ್ತಿದ್ದವರು. ಅಳೆಯುವ ಜಾಣತನ ಎಲ್ಲೆಡೆ ಇತ್ತು.

ಗ್ರೀಕರು ತಂದದ್ದು ಬೇರೆಯದು. ಎಸ್ಸೆಸ್ಸೆಲ್ಸಿ ಮಕ್ಕಳು ತ್ರಿಭುಜಗಳ ಪಾಠದಲ್ಲಿ ಓದುವ ಥೇಲ್ಸ್, ಕ್ರಿಸ್ತಪೂರ್ವ 6ನೇ ಶತಮಾನದ ಮಿಲೆಟಸ್ ಊರಿನವನು. ಅಳೆದು ನೋಡಿದರೆ ಸರಿ ಬರುತ್ತದೆ ಅನ್ನುವಷ್ಟಕ್ಕೆ ಅವನ ನಂತರದವರು ತೃಪ್ತರಾಗಲಿಲ್ಲ. ಯಾಕೆ ಸರಿ ಬರಲೇಬೇಕು ಎಂದು ಕೇಳಿದರು. ಸುಮಾರು ಕ್ರಿಸ್ತಪೂರ್ವ 300ರಲ್ಲಿ ಯೂಕ್ಲಿಡ್ 13 ಸಂಪುಟಗಳಲ್ಲಿ ಆ ಪ್ರಶ್ನೆಗೆ ಹೆಜ್ಜೆ ಹೆಜ್ಜೆಯಾಗಿ ಉತ್ತರ ಕಟ್ಟಿದ. ಇದು ಅಳತೆಗಿಂತ ದೊಡ್ಡ ಸಾಧನೆ. ಪ್ರಮೇಯ ಒಮ್ಮೆ ಸಿದ್ಧವಾದರೆ ಯಾರೂ ಹತ್ತಿ ನೋಡಲಾಗದ ಎತ್ತರದಲ್ಲೂ ಅದು ನಿಜವೇ.

ಪರವಲಯ ಬಂದದ್ದು ಒಂದು ಹಟದ ಸಮಸ್ಯೆಯಿಂದ. ಡೆಲೋಸ್ ದ್ವೀಪದಲ್ಲಿ ಪಿಡುಗು ಬಂದಾಗ, ಘನಾಕಾರದ ಬಲಿಪೀಠವನ್ನು ಸರಿಯಾಗಿ ಎರಡರಷ್ಟು ಮಾಡಿ ಎಂದು ದೇವವಾಣಿ ಆಯಿತಂತೆ. ಬದಿಯನ್ನು ಎರಡರಷ್ಟು ಮಾಡಿದರೆ ಘನ ಎಂಟರಷ್ಟಾಗುತ್ತದೆ, ಅದೇ ತೊಡಕು. ಕ್ರಿಸ್ತಪೂರ್ವ 350ರ ಆಸುಪಾಸಿನಲ್ಲಿ ಮೆನೆಕ್ಮಸ್ ಅನ್ನುವವನು ಶಂಕುವನ್ನು ಕೊಯ್ದು ಸಿಗುವ ಬಾಗುಗಳಿಂದ ಇದನ್ನು ಬಿಡಿಸಿದ. ಶಂಕುವಿನ ಇಳಿಜಾರಿಗೆ ಸಮಾಂತರವಾಗಿ ಕೊಯ್ದರೆ ಪರವಲಯ. ಪೆರ್ಗಾದ ಅಪೊಲೋನಿಯಸ್ ಮುಂದೆ ಈ ಬಾಗುಗಳ ಬಗ್ಗೆಯೇ 8 ಸಂಪುಟ ಬರೆದ.

ನಾಭಿಯ ಗುಣವನ್ನು ಸಾಧಿಸಿ ತೋರಿಸಿದವನು ಡಯೊಕ್ಲಿಸ್. ಅವನು ಅಪೊಲೋನಿಯಸ್‌ನ ಕಾಲದವನೇ, ಅಷ್ಟಾಗಿ ಹೆಸರು ಮಾಡದವನು. ಬಿಸಿಲಿಗೆ ಹಿಡಿದರೆ ಕಿರಣಗಳೆಲ್ಲ ಒಂದೇ ಬಿಂದುವಿಗೆ ಬಿದ್ದು ಬೆಂಕಿ ಹೊತ್ತಬೇಕು, ಅಂಥ ಕನ್ನಡಿ ಹೇಗಿರಬೇಕು ಎಂದು ಆರ್ಕೇಡಿಯಕ್ಕೆ ಬಂದ ಖಗೋಳಜ್ಞನೊಬ್ಬ ಕೇಳಿದ್ದನ್ನು ಅವನೇ ಬರೆದಿಟ್ಟಿದ್ದಾನೆ. ಸುಡುವ ಕನ್ನಡಿಗಳ ಕುರಿತ ಆ ಪುಸ್ತಕದಲ್ಲಿ ಪರವಲಯವೇ ಉತ್ತರ. ಸೂರ್ಯನ ಜಾಗದಲ್ಲಿ ಉಪಗ್ರಹ ಇಟ್ಟುಕೊಳ್ಳಿ, ಸೈಟ್ ಡಿಶ್ಶಿನ ಗಣಿತ ಪೂರ್ತಿ ಅಲ್ಲಿದೆ.

ಈ ಪುಸ್ತಕಗಳು ಉಳಿದು ಬಂದದ್ದರಲ್ಲಿ ಅರಬ್ಬಿ ವಿದ್ವಾಂಸರ ಪಾಲು ದೊಡ್ಡದು. ಅಪೊಲೋನಿಯಸ್‌ನ 5, 6, 7ನೇ ಸಂಪುಟಗಳು ಸಿಕ್ಕಿರುವುದು ಅರಬ್ಬಿಯಲ್ಲಿ ಮಾತ್ರ, 8ನೆಯದು ಕಳೆದೇಹೋಗಿದೆ. ಯೂಕ್ಲಿಡ್ ಸಂಸ್ಕೃತಕ್ಕೆ ಬಂದದ್ದೂ ಅರಬ್ಬಿಯ ದಾರಿಯಿಂದಲೇ, 18ನೇ ಶತಮಾನದಲ್ಲಿ, ಜಯಸಿಂಹನ ಆಸ್ಥಾನದ ಜಗನ್ನಾಥ ಸಮ್ರಾಟನ ‘ರೇಖಾಗಣಿತ’ವಾಗಿ. ಅದನ್ನು ಅಚ್ಚಿಗೆ ತರಲು ಹೊರಟವರು ಗುಜರಾತಿನ ಹರಿಲಾಲ್ ಹರ್ಷದರಾಯ್ ಧ್ರುವ. ಅವರು ತೀರಿಕೊಂಡ ಮೇಲೆ ಕಮಲಾಶಂಕರ ತ್ರಿವೇದಿ ಸಂಪಾದಿಸಿ 1901-02ರಲ್ಲಿ ಮುಂಬಯಿಯಿಂದ ಹೊರತಂದರು. ಡಯೊಕ್ಲಿಸನ ಗ್ರೀಕ್ ಮೂಲವೂ ಇಲ್ಲ. ಇರಾನಿನ ಮಶ್ಹದ್‌ನಲ್ಲಿದ್ದ ಅರಬ್ಬಿ ಹಸ್ತಪ್ರತಿಯಿಂದ ಜಿ. ಜೆ. ಟೂಮರ್ ಅದನ್ನು ಇಂಗ್ಲಿಷಿಗೆ ತಂದು ಪ್ರಕಟಿಸಿದ್ದು 1976ರಲ್ಲಿ. ಅಂದರೆ ಸೈಟ್ ಮುಗಿದ ವರ್ಷವೇ.

ಇನ್ನು ಡಿಶ್ ಯಾವ ಕಡೆ ತಿರುಗಿರಬೇಕು? ಅದೂ ರೇಖಾಗಣಿತವೇ. ಎಟಿಎಸ್-6 ನಿಂತಿದ್ದದ್ದು ಕೀನ್ಯಾದ ಮೇಲೆ, ಸಮಭಾಜಕದ ನೇರಕ್ಕೆ, 35 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಕಲಬುರಗಿ ಇರುವುದು ಸುಮಾರು 77 ಡಿಗ್ರಿಯಲ್ಲಿ. ಇಷ್ಟು ಗೊತ್ತಿದ್ದು ಭೂಮಿಯ ಅಳತೆ ತಿಳಿದಿದ್ದರೆ ತ್ರಿಭುಜ ಎಳೆದು ಲೆಕ್ಕ ಮಾಡಬಹುದು: ಡಿಶ್ ಪಶ್ಚಿಮಕ್ಕೆ ಮುಖ ಮಾಡಿ, ತುಸು ದಕ್ಷಿಣಕ್ಕೆ ವಾಲಿ, ನೆಲದಿಂದ ಸುಮಾರು 39 ಡಿಗ್ರಿ ತಲೆಯೆತ್ತಿ ನಿಲ್ಲಬೇಕು. ಹಾಗೆ ನಿಲ್ಲಿಸಿದ ಡಿಶ್ಶಿನ ಮೂಲಕವೇ ಆ ಹಳ್ಳಿಗಳ ಮಕ್ಕಳು ಮೊದಲ ಸಲ ಟೀವಿ ಪಾಠ ನೋಡಿದ್ದು.

1976ರ ಜುಲೈ 31ಕ್ಕೆ ಸೈಟ್ ನಿಂತಿತು. ಉಪಗ್ರಹವನ್ನು ನಾಸಾ ವಾಪಸ್ ಕರೆಸಿಕೊಂಡಿತು. ಟೀವಿಯ ರುಚಿ ಕಂಡಿದ್ದ ಸೀಮೆಯನ್ನು ಕೈಬಿಡಬಾರದೆಂದು 1977ರಲ್ಲಿ ಕಲಬುರಗಿಗೆ ನೆಲದ ಮೇಲಿನ ಟ್ರಾನ್ಸ್‌ಮಿಟರ್ ಬಂತು. ಬೆಂಗಳೂರು ದೂರದರ್ಶನ ಶುರುವಾದದ್ದು 1981ರಲ್ಲಿ.