ವಾಷರು ಚಿಕ್ಕದು, ನಷ್ಟ ದೊಡ್ಡದು
(ರೈತರ ಸಭೆಯಲ್ಲಿ ಮಾಡಿದ ಭಾಷಣ)



ಪೈರು ಬಾಡುತ್ತಿರುವಾಗಲೇ ಡೀಸೆಲ್ ಪಂಪುಸೆಟ್ಟು ನಿಂತುಹೋಗುತ್ತದೆ. ಟ್ಯಾಂಕಿನಲ್ಲಿ ಡೀಸೆಲ್ ಇದೆ. ಆದರೂ ಎಂಜಿನ್ ಓಡದು. ಬಿಚ್ಚಿ ನೋಡಿದರೆ, ಸೈಕಲ್ ಟ್ಯೂಬಿನಿಂದ ಕತ್ತರಿಸಿ ಹಾಕಿದ ವಾಷರೊಂದು ಉಬ್ಬಿ ಮೆತ್ತಗಾಗಿರುತ್ತದೆ. ಅದರ ಸಂದಿನಿಂದ ಗಾಳಿ ಹೊಕ್ಕು ಡೀಸೆಲ್ ಹರಿಯುವುದು ತಪ್ಪಿರುತ್ತದೆ. ಈ ಚಿಕ್ಕ ವಾಷರಿನ ವಿಷಯವನ್ನೇ ಇಂದು ನಿಮ್ಮ ಮುಂದಿಡುತ್ತೇನೆ.

ರಬ್ಬರೆಲ್ಲ ಒಂದೇ ಅಲ್ಲ. ಮರದ ಹಾಲಿನಿಂದಾದ ರಬ್ಬರು ನೀರಿಗೆ ಒಳ್ಳೆಯದು. ಆದರೆ ಅದೂ, ಸೀಮೆಎಣ್ಣೆ, ಡೀಸೆಲ್, ಪೆಟ್ರೋಲುಗಳೂ ಇಂಗಾಲ ಮತ್ತು ಜಲಜನಕ ಕೂಡಿ ಆದ ಒಂದೇ ಜಾತಿಯವು. ಆದುದರಿಂದ ಎಣ್ಣೆಯು ರಬ್ಬರಿನ ಎಳೆಗಳ ನಡುವೆ ಸೇರಿಕೊಳ್ಳುತ್ತದೆ. ನೆನೆಹಾಕಿದ ಕಡಲೆಯಂತೆ ವಾಷರು ಉಬ್ಬಿ ಬಲಗುಂದುತ್ತದೆ. ಟ್ಯೂಬಿನ ರಬ್ಬರಿಗೂ ಇದೇ ಗತಿ. ನೈಟ್ರೈಲ್ ಎಂಬ ರಬ್ಬರಿನಲ್ಲಿ ಸಾರಜನಕವೂ ಕೂಡಿರುವುದರಿಂದ ಅದು ಎಣ್ಣೆಯನ್ನು ಅಷ್ಟಾಗಿ ಒಳಗೆ ಬಿಡದು. ಡೀಸೆಲ್ ಕೊಳವೆಗೆ ಅದನ್ನೇ ಕೇಳಿ ತನ್ನಿ.

ಬಣ್ಣ ನೋಡಿ ಮೋಸಹೋಗಬೇಡಿ, ಎರಡೂ ಕಪ್ಪಗಿರುತ್ತವೆ. ಒಂದೇ ಅಳತೆಯ ಎರಡು ವಾಷರು ತಂದು, ಒಂದನ್ನು ಮುಚ್ಚಳವಿರುವ ಗಾಜಿನ ಸೀಸೆಯಲ್ಲಿ ಡೀಸೆಲ್ ಹಾಕಿ 3 ದಿನ ಮುಳುಗಿಸಿಡಿ. ಸೀಸೆ ಬೆಂಕಿಗೂ ಮಕ್ಕಳ ಕೈಗೂ ದೂರವಿರಲಿ. ಆಮೇಲೆ ಎರಡನ್ನೂ ಜೊತೆಗಿಟ್ಟು ನೋಡಿ. ನೆನೆದದ್ದು ದೊಡ್ಡದಾಗಿ ಮೆತ್ತಗಾಗಿದ್ದರೆ ಆ ಬಗೆಯ ವಾಷರು ಡೀಸೆಲ್ಲಿಗೆ ಆಗದು.

ಪೆಟ್ರೋಲ್ ಎಂಜಿನ್ ಇಟ್ಟುಕೊಂಡವರಿಗೆ ಇನ್ನೊಂದು ಮಾತು. 100ಕ್ಕೆ 20 ಭಾಗ ಎಥನಾಲ್ ಬೆರೆಸಿದ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. ಬರಿಯ ಪೆಟ್ರೋಲಿಗಿಂತ ಈ ಮಿಶ್ರಣ ಕೆಲವು ರಬ್ಬರುಗಳನ್ನು ಹೆಚ್ಚು ಉಬ್ಬಿಸುತ್ತದೆ. ಹಳೆಯ ಎಂಜಿನ್ನಿನ ಕೊಳವೆ, ವಾಷರುಗಳನ್ನು ಆಗಾಗ ಪರೀಕ್ಷಿಸಿ. ಜಿನುಗಿದ ಪೆಟ್ರೋಲಿಗೆ ಒಂದು ಕಿಡಿ ಸಾಕು.

ಎಲ್ಲಕ್ಕಿಂತ ಮುಖ್ಯವಾದದ್ದು ಔಷಧಿ ಸಿಂಪಡಿಸುವ ಪಂಪು. ಡಬ್ಬಿಯ ಮೇಲೆ ‘ಇ.ಸಿ.’ ಎಂದಿರುವ ಔಷಧಿಗಳಲ್ಲಿ ಕ್ಸೈಲೀನ್‌ನಂಥ ದ್ರಾವಕ ಇರುವುದುಂಟು. ಅದಕ್ಕೆ ನೈಟ್ರೈಲ್ ಕೂಡ ಉಬ್ಬುತ್ತದೆ. ವೈಟಾನ್ ರಬ್ಬರು ಮೇಲು. ವಾಷರು ಕೆಟ್ಟರೆ ವಿಷವು ಬೆನ್ನಿನ ಮೇಲೆ ಸೋರಿ, ಅಂಗಿ ನೆನೆದು, ಚರ್ಮದ ಮೂಲಕ ಮೈಗೆ ಸೇರುತ್ತದೆ. ಆದುದರಿಂದ ಮೊದಲು ಬರಿಯ ನೀರು ತುಂಬಿ ಸೋರಿಕೆ ನೋಡಿ. ಉಳಿದ ಔಷಧಿಯನ್ನು ಪಂಪಿನಲ್ಲಿ ರಾತ್ರಿಯಿಡೀ ಬಿಡಬೇಡಿ. ಕೆಲಸ ಮುಗಿದ ಕೂಡಲೇ, ಬಾವಿ ಕೆರೆಗಳಿಂದ ದೂರದಲ್ಲಿ, ಪಂಪನ್ನು ಮೂರು ಸಲ ತೊಳೆಯಿರಿ. ಸೋರುವ ಪಂಪನ್ನು ಹೊರಲೇಬೇಡಿ.

ಅಂಗಡಿಯಲ್ಲಿ ವಾಷರಿನ ಅಳತೆ ಮಾತ್ರ ಹೇಳಿದರೆ ಸಾಲದು. ಅದರಲ್ಲಿ ಹರಿಯುವುದು ನೀರೋ, ಎಣ್ಣೆಯೋ, ಔಷಧಿಯೋ ಎಂಬುದನ್ನೂ ಹೇಳಿ ಕೊಳ್ಳಿರಿ. ಇಷ್ಟು ಎಚ್ಚರ ವಹಿಸಿದರೆ ಪೈರೂ ಉಳಿಯುತ್ತದೆ, ಪ್ರಾಣವೂ ಉಳಿಯುತ್ತದೆ.