ಮುಂಜಾನೆಯ ಆ ಪಿಟೀಲು



ವೈದ್ಯರ ಕೈಗೆ ಮೈಕು ಸಿಕ್ಕಿದೊಡನೆ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಉಪದೇಶ ಶುರುವಾಗುತ್ತದೆಂಬ ಭಯ ಬೇಡ. ಇಂದು ನಾವು ಹೇಳಹೊರಟಿರುವುದು ರೇಡಿಯೋದಲ್ಲಿ ಕಾರ್ಯಕ್ರಮಕ್ಕೆ ಮುಂಚೆ ಬರುವ ಕೆಲವೇ ಕ್ಷಣಗಳ ಸಂಗೀತದ ವಿಷಯ.

ಈ ಖಂಡದ ರೇಡಿಯೋಗಳಲ್ಲಿ ಡಿಸ್ಕ್ ಜಾಕಿ ಬಾಯಿ ತೆರೆಯುವ ಮುನ್ನವೇ ನಾಲ್ಕಾರು ಕಂಠಗಳು ಆತನ ಹೆಸರನ್ನು ರಾಗವಾಗಿ ಹಾಡಿಬಿಡುವುದುಂಟು. ಇದೇ ಜಿಂಗಲ್. ಡಲ್ಲಾಸ್ ನಗರದಲ್ಲಿ ಬಿಲ್ ಮೀಕ್ಸ್ 1951ರಲ್ಲಿ ಸ್ಥಾಪಿಸಿದ ಪ್ಯಾಮ್ಸ್ ಸಂಸ್ಥೆಯವರು ಇದನ್ನೊಂದು ಉದ್ಯಮವನ್ನಾಗಿಯೇ ಮಾಡಿದರು. ವಾದ್ಯಗೋಷ್ಠಿಯನ್ನು ಒಮ್ಮೆ ಮುದ್ರಿಸಿಟ್ಟುಕೊಂಡು, ಯಾವ ನಿಲಯದವರು ಕೇಳಿದರೋ ಆ ನಿಲಯದ ಹೆಸರನ್ನು, ಯಾವ ಜಾಕಿಗೆ ಬೇಕೋ ಅವನ ಹೆಸರನ್ನು ಅದರ ಮೇಲೆ ಹಾಡಿಸಿ ಮಾರುತ್ತಿದ್ದರು. ಊರು ಬೇರೆ, ಹೆಸರು ಬೇರೆ, ಮಟ್ಟು ಒಂದೇ. ಮದುವೆ ಮನೆಯಲ್ಲಿ ಬೀಗರನ್ನು ಹಂಗಿಸುವ ಹಾಡಿನಲ್ಲಿ ನಮ್ಮ ಅಜ್ಜಿಯರು ಮಾಡುತ್ತಿದ್ದುದೂ ಇದನ್ನೇ ಅಲ್ಲವೇ? ಅವರಿಗೆ ಯಾರೂ ಡಾಲರ್ ಕೊಡಲಿಲ್ಲ, ಅಷ್ಟೇ.

ನಮ್ಮ ಆಕಾಶವಾಣಿಯಲ್ಲಿ ಉದ್ಘೋಷಕರ ಹೆಸರನ್ನು ಹಾಡುವ ಪದ್ಧತಿ ಇರಲಿಲ್ಲ. ಆದರೆ ಬೆಳಗಿನ ಪ್ರಸಾರಕ್ಕೆ ಮುಂಚೆ ತಂಬೂರಿಯ ಶ್ರುತಿಯ ಮೇಲೆ ಪಿಟೀಲು ಎದ್ದು ಬರುತ್ತಿತ್ತಲ್ಲ, ಅದನ್ನು ಮರೆತ ಹಿರಿಯರು ಈ ಸಭೆಯಲ್ಲಿ ಯಾರಿದ್ದೀರಿ?

ವೃತ್ತಿಯ ಮಾತು ಒಂದೇ ಒಂದು. ನೆನಪು ಮಾಸುವ ಕಾಯಿಲೆಯಲ್ಲಿ ಹೆಸರುಗಳು ಅಳಿದ ಮೇಲೂ ಹಳೆಯ ರಾಗಗಳು ಉಳಿಯುವುದುಂಟು. ನಮ್ಮ ನ್ಯೂಮಾರ್ಕೆಟ್‌ನಲ್ಲಿ ಮಗನ ಮನೆಯಲ್ಲಿದ್ದ ತಾಯಿಯೊಬ್ಬರಿಗೆ ಈ ಸಂಗೀತ ಕೇಳಿಸಿದೆವು. ಮಗನ ಗುರುತೇ ಹತ್ತದಿದ್ದ ಅವರು ತಲೆಯೆತ್ತಿ, "ಹಾಲಿನವನು ಬಂದನೇನೋ ನೋಡಪ್ಪಾ, ಒಲೆ ಹಚ್ಚಬೇಕು" ಎಂದರು. ಮಗ ಸುಮ್ಮನೆ ಎದ್ದು ಅಡಿಗೆಮನೆಗೆ ಹೋದರು.

ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಆರಂಭಿಸಿದ ಬಾನುಲಿಗೆ 'ಆಕಾಶವಾಣಿ' ಎಂಬ ಹೆಸರಿತ್ತೆಂದು ನಾವೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಮುಂಜಾನೆಯ ರಾಗವನ್ನು ಕಟ್ಟಿದವರ ಹೆಸರು ಮಾತ್ರ ಬಹಳ ಜನಕ್ಕೆ ತಿಳಿಯದು. ಅವರು ವಾಲ್ಟರ್ ಕೌಫ್‌ಮನ್. 1907ರಲ್ಲಿ ಬೊಹೀಮಿಯಾದ ಕಾರ್ಲ್ಸ್‌ಬಾಡ್‌ನಲ್ಲಿ ಹುಟ್ಟಿದ ಯಹೂದಿ. ಹಿಟ್ಲರನ ಕಾಲದ ಯೂರೋಪನ್ನು ಬಿಟ್ಟು 1934ರಲ್ಲಿ ಮುಂಬಯಿ ಸೇರಿದರು. ಮೊದಮೊದಲು ನಮ್ಮ ಸಂಗೀತ ಅವರ ಕಿವಿಗೆ ಹಿಡಿಸಲಿಲ್ಲ. ಬಿಡದೆ ಕೇಳಿ ಕಲಿತರು. ಮುಂಬಯಿ ಬಾನುಲಿಯಲ್ಲಿ ಪಾಶ್ಚಾತ್ಯ ಸಂಗೀತದ ಹೊಣೆ ಹೊತ್ತರು. ಶಿವರಂಜನಿಯ ಛಾಯೆಯ ಈ ರಾಗವನ್ನು 1936ರಲ್ಲಿ ರಚಿಸಿದರೆಂದು ಹೇಳುತ್ತಾರೆ.

ಅನಂತರ ಅವರು ಬಂದದ್ದು ಎಲ್ಲಿಗೆ ಗೊತ್ತೇ? ಈ ಕೆನಡಾಕ್ಕೇ! 1947ರಲ್ಲಿ ಹ್ಯಾಲಿಫ್ಯಾಕ್ಸ್‌ಗೆ; 1948ರಿಂದ ಸುಮಾರು ಹತ್ತು ವರ್ಷ ವಿನಿಪೆಗ್ ಸಿಂಫನಿ ವಾದ್ಯವೃಂದದ ಮೊದಲ ನಿರ್ದೇಶಕರಾಗಿ. ವಿನಿಪೆಗ್‌ನ ಚಳಿಯಲ್ಲಿ ಅವರಿಗೆ ಮುಂಬಯಿ ಎಷ್ಟು ಸಲ ನೆನಪಾಯಿತೋ! 1984ರಲ್ಲಿ ಅಮೆರಿಕದಲ್ಲಿ ತೀರಿಕೊಂಡರು. ಅವರ ಕೆಲವು ಕೃತಿಗಳನ್ನು ಟೊರಾಂಟೋದ ರಾಯಲ್ ಕನ್ಸರ್ವೇಟರಿಯ ಎಆರ್‌ಸಿ ಆನ್‌ಸಾಂಬಲ್ ಕಲಾವಿದರು ನುಡಿಸಿ, 2020ರಲ್ಲಿ ಮುದ್ರಿಕೆಯಾಗಿ ಹೊರತಂದರು.

ಈಗ ಮಿತ್ರರು ಆ ಮುಂಜಾನೆಯ ಸಂಗೀತವನ್ನು ಹಾಕುತ್ತಾರೆ. ಊಟದ ಸಾಲು ಎರಡು ನಿಮಿಷ ಕಾಯಲಿ. ಮಕ್ಕಳೇ, ನಿಮ್ಮ ಅಜ್ಜ ಅಜ್ಜಿಯರ ಮುಖ ನೋಡುತ್ತಿರಿ.